ಬೀದರಿನ ಲೈಸೆನ್ಸ್ ಹಿಡಿದು ಬ್ರಿಟನ್ನಿಗೆ ಹೋದವರಿಗೆ ಅಲ್ಲಿನ ಪರವಾನಗಿ ಸೇವೆ ಹೇಗಿದೆ

ನಾನು ಬೀದರಿನಲ್ಲಿ ನರ್ಸಿಂಗ್ ಓದಿ, ಇಲ್ಲಿಯೇ ಆರು ವರ್ಷ ಕೆಲಸ ಮಾಡಿ, 2022ರ ಸೆಪ್ಟೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ಒಂದು ಆಸ್ಪತ್ರೆಗೆ ಸ್ಟಾಫ್ ನರ್ಸ್ ಆಗಿ ಹೋದವಳು. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಭಾಲ್ಕಿ, ಹುಮನಾಬಾದ್, ಕಲಬುರಗಿ ಕಡೆಯ ಹುಡುಗಿಯರು ಮನೆಗೆ ಬಂದು ವೀಸಾ, ಸಂಬಳ, ಮನೆ ಬಾಡಿಗೆ ಎಲ್ಲವನ್ನೂ ವಿಚಾರಿಸುತ್ತಾರೆ. ಎದ್ದು ಹೊರಡುವ ಹೊತ್ತಿಗೆ ಮಾತ್ರ ಒಂದು ಪ್ರಶ್ನೆ ಕೇಳುತ್ತಾರೆ: "ಅಕ್ಕಾ, ನನ್ನ ಹತ್ರ ಕಾರಿನ ಲೈಸೆನ್ಸ್ ಅದ, ಅಲ್ಲಿ ನಡೀತದೇನ್ರಿ?" ಒಂದು ವರ್ಷ ನಡೆಯುತ್ತದೆ, ಆಮೇಲೆ ನಡೆಯುವುದಿಲ್ಲ, ಬದಲಿಸಿಕೊಡಿ ಎಂದು ಕೇಳುವ ಅವಕಾಶವೂ ಭಾರತದ ಲೈಸೆನ್ಸಿಗೆ ಇಲ್ಲ ಎಂದು ನಾನು ಹೇಳಿದಾಗ ಅವರ ಮುಖ ಬಾಡುತ್ತದೆ. ಎದ್ದು ನಿಂತವರಿಗೆ ಬಾಗಿಲಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ, ನಾನು ಬಳಸಿದ ಎರಡು ಸೇವೆಗಳನ್ನು ಇಲ್ಲಿ ವಿವರವಾಗಿ ವಿಮರ್ಶಿಸುತ್ತಿದ್ದೇನೆ. ಒಂದು, ಇಲ್ಲಿಂದ ಹೊರಡುವ ಮುನ್ನ ಪಡೆಯುವ ಅಂತಾರಾಷ್ಟ್ರೀಯ ಚಾಲನಾ ಪರ್ಮಿಟ್. ಇನ್ನೊಂದು, ಬ್ರಿಟನ್ನಿನಲ್ಲಿ ಹೊಸದಾಗಿ ಪರೀಕ್ಷೆ ಕೊಟ್ಟು ಅಲ್ಲಿಯ ಲೈಸೆನ್ಸ್ ಪಡೆಯುವ ವ್ಯವಸ್ಥೆ.

ಮೊದಲು ಪರ್ಮಿಟ್. ಇದು ಬೂದು ಬಣ್ಣದ ಹೊದಿಕೆಯ ಸಣ್ಣ ಪುಸ್ತಿಕೆ. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಭಾರತ ಸೇರಿರುವುದರಿಂದ ನಮ್ಮ ಆರ್‌ಟಿಒ ಕಚೇರಿಗಳು ಇದನ್ನು ಕೊಡುತ್ತವೆ. ಊರ್ಜಿತದಲ್ಲಿರುವ ಲೈಸೆನ್ಸ್, ಪಾಸ್‌ಪೋರ್ಟ್, ವೀಸಾ ಇವುಗಳ ಜೊತೆ ನಮೂನೆ 4ಎ ತುಂಬಿ ಕೊಡಬೇಕು, ಸರ್ಕಾರದ ಶುಲ್ಕ 1,000 ರೂಪಾಯಿ. ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ ಆಕಾರ, ಬಣ್ಣಗಳಲ್ಲಿ ಇರುತ್ತಿದ್ದ ಈ ಪುಸ್ತಿಕೆಯನ್ನು ದೇಶಕ್ಕೆಲ್ಲ ಒಂದೇ ರೀತಿ ಮಾಡಿ, ಮೂಲ ಲೈಸೆನ್ಸಿನೊಂದಿಗೆ ಕ್ಯೂಆರ್ ಕೋಡ್ ಮೂಲಕ ಜೋಡಿಸುವ ಅಧಿಸೂಚನೆಯನ್ನು ಕೇಂದ್ರ ಸರ್ಕಾರ 2022ರ ಆಗಸ್ಟ್ 26ರಂದು ಹೊರಡಿಸಿತು. ಪರ್ಮಿಟ್ ಕೊಟ್ಟ ದಿನದಿಂದ ಒಂದು ವರ್ಷ, ಅಥವಾ ಮೂಲ ಲೈಸೆನ್ಸಿನ ಅವಧಿ ಮುಗಿಯುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಅದಕ್ಕೆ ಬೆಲೆ. ಮೂಲ ಲೈಸೆನ್ಸ್ ಕೈಯಲ್ಲಿ ಇಲ್ಲದೆ ಪರ್ಮಿಟ್ ಒಂದನ್ನೇ ತೋರಿಸಿದರೆ ಅದಕ್ಕೆ ಅರ್ಥವಿಲ್ಲ, ಏಕೆಂದರೆ ಅದು ಲೈಸೆನ್ಸಿನ ಅನುವಾದವೇ ಹೊರತು ಲೈಸೆನ್ಸ್ ಅಲ್ಲ.

ಈ ಮಾತನ್ನು ನನಗೆ ಯಾರೂ ಹೇಳಲಿಲ್ಲ. ಆನ್‌ಲೈನ್ ಅರ್ಜಿ ತುಂಬಿಕೊಡುವ ಒಬ್ಬ ಏಜೆಂಟ್ ನನ್ನಿಂದ 3,500 ರೂಪಾಯಿ ತೆಗೆದುಕೊಂಡು, "ಇದೊಂದು ಕೈಯಾಗ ಇತ್ತಂದ್ರ ಲಂಡನ್‌ದಾಗ ಮತ್ತೇನೂ ಬೇಕಾಗಂಗಿಲ್ಲ ಅಕ್ಕಾರ" ಎಂದು ಹೇಳಿ ಕಳಿಸಿದ. ನಾನು ಆ ಮಾತನ್ನು ನಂಬಿಕೊಂಡೇ ವಿಮಾನ ಹತ್ತಿದೆ. ಅಲ್ಲಿಗೆ ಹೋದ ಮೇಲೆ ತಿಳಿದದ್ದೇನೆಂದರೆ, ಬ್ರಿಟನ್ನಿಗೆ ಹೋಗುವವರಿಗೆ ಈ ಪುಸ್ತಿಕೆಯ ಅಗತ್ಯವೇ ಇಲ್ಲ. ನಮ್ಮ ಕರ್ನಾಟಕದ ಕಾರ್ಡಿನಲ್ಲಿ ಹೆಸರು, ದಿನಾಂಕ, ವಾಹನದ ವರ್ಗ ಎಲ್ಲವೂ ಇಂಗ್ಲಿಷಿನಲ್ಲಿಯೇ ಇರುವುದರಿಂದ ಅಲ್ಲಿನ ಪೊಲೀಸರಿಗೆ ಅನುವಾದ ಬೇಕಾಗುವುದಿಲ್ಲ, ಮತ್ತು ಈ ಪುಸ್ತಿಕೆ ಇದ್ದರೂ ಅಲ್ಲಿನ ಒಂದು ವರ್ಷದ ಗಡುವು ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ. ಪುಸ್ತಿಕೆಯಲ್ಲಿ ದೋಷವಿದೆ ಎಂದು ನಾನು ಹೇಳುತ್ತಿಲ್ಲ. ಇಂಗ್ಲಿಷ್ ಓದದ ದೇಶಗಳಿಗೆ ಪ್ರವಾಸ ಹೋಗಿ ಬಾಡಿಗೆ ಕಾರು ಪಡೆಯುವವರಿಗೆ ಅದು 1,000 ರೂಪಾಯಿಗೆ ಸಿಗುವ ಒಳ್ಳೆಯ ದಾಖಲೆ. ಆದರೆ ನೆಲೆಸಲು ಹೋಗುವ ನರ್ಸಿಗೆ ಅದನ್ನು ಲೈಸೆನ್ಸ್ ಎಂದು ಮಾರುವುದು ತಪ್ಪು. ಇದನ್ನು ಗಟ್ಟಿಯಾಗಿ ಹೇಳಲು ಕಾರಣವಿದೆ: ನನಗಾದ ನಷ್ಟ ಕೇವಲ ಹಣದ್ದಲ್ಲ, ಆ ನಂಬಿಕೆಯಲ್ಲಿ ಐದು ತಿಂಗಳು ಕೈಕಟ್ಟಿ ಕೂತದ್ದು.

ಪರ್ಮಿಟ್ಟಿಗೆ ಕೊಡುವ ಗಮನವನ್ನು ಮೂಲ ಲೈಸೆನ್ಸ್ ಕಾರ್ಡಿಗೆ ಕೊಡಬೇಕೆಂಬುದು ನನ್ನ ಸಲಹೆ. ನನ್ನ ಲೈಸೆನ್ಸಿನಲ್ಲಿ ತಂದೆಯ ಹೆಸರು ಒಂದಕ್ಷರದ ಇನಿಶಿಯಲ್ ಆಗಿತ್ತು, ಪಾಸ್‌ಪೋರ್ಟಿನಲ್ಲಿ ಅದು ಪೂರ್ತಿ ಹೆಸರಾಗಿ ಕೊನೆಯಲ್ಲಿ ಬಂದಿತ್ತು. ನಮ್ಮ ಕಡೆ ಮನೆತನದ ಹೆಸರನ್ನು ಒಂದು ಕಾಗದದಲ್ಲಿ ಬರೆದು ಇನ್ನೊಂದರಲ್ಲಿ ಬಿಡುವುದು ಸಾಮಾನ್ಯ. ಊರಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಆದರೆ ಅಲ್ಲಿ ಕಾರಿನ ವಿಮೆ ಮಾಡಿಸುವಾಗ ಇಬ್ಬರೂ ಒಬ್ಬರೇ ಎಂದು ತೋರಿಸಲು ನಾನು ಮೂರು ಪತ್ರ ಬರೆಯಬೇಕಾಯಿತು. ಹೊರಡುವ ಎರಡು ಮೂರು ತಿಂಗಳ ಮೊದಲೇ ಲೈಸೆನ್ಸ್ ಕೆಲಸಗಳ ಸರ್ಕಾರಿ ತಾಣವಾದ ಸಾರಥಿ ಪೋರ್ಟಲಿನಲ್ಲಿ ಹೆಸರಿನ ತಿದ್ದುಪಡಿಗೆ ಅರ್ಜಿ ಹಾಕಿಕೊಳ್ಳಬೇಕು. ಲೈಸೆನ್ಸಿನ ಅವಧಿ ಹತ್ತಿರದಲ್ಲಿ ಮುಗಿಯುವಂತಿದ್ದರೆ ನವೀಕರಣವನ್ನೂ ಮಾಡಿಸಿಕೊಂಡೇ ಹೋಗಬೇಕು, ಏಕೆಂದರೆ ಅಲ್ಲಿ ಸಿಗುವ ಒಂದು ವರ್ಷದ ಅವಕಾಶ ಊರ್ಜಿತದಲ್ಲಿರುವ ಲೈಸೆನ್ಸಿಗೆ ಮಾತ್ರ.

ಇನ್ನು ಬ್ರಿಟನ್ನಿನ ವ್ಯವಸ್ಥೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರಕ್ಕೂ ಲೈಸೆನ್ಸ್ ಕೊಡುವುದು ವೇಲ್ಸಿನ ಸ್ವಾನ್ಸೀ ನಗರದಲ್ಲಿರುವ ಡಿವಿಎಲ್‌ಎ ಎಂಬ ಸಂಸ್ಥೆ. ಭಾರತದ ಲೈಸೆನ್ಸ್ ಹೊಂದಿದವರು ಅಲ್ಲಿ ನೆಲೆಸಿದ ದಿನದಿಂದ ಹನ್ನೆರಡು ತಿಂಗಳು ಕಾರು ಓಡಿಸಬಹುದು. ನಡುವೆ ರಜೆಗೆ ಬೀದರಿಗೆ ಬಂದು ಹೋದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಎಂದು ಅನೇಕರು ನಂಬಿದ್ದಾರೆ, ಅದು ಹಾಗಲ್ಲ. ಹನ್ನೆರಡು ತಿಂಗಳು ಮುಗಿದ ಮೇಲೆ ಹಳೆಯ ಲೈಸೆನ್ಸಿನಲ್ಲಿ ಓಡಿಸಿದರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದಂತೆ, ಅದರ ಜೊತೆ ವಿಮೆಯೂ ಬಿದ್ದುಹೋಗುತ್ತದೆ.

ನನ್ನ ವಾರ್ಡಿನಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಬ್ಬ ಸಹೋದ್ಯೋಗಿ ಇದ್ದಳು. ಅವಳು ಒಂದು ಅರ್ಜಿ, 43 ಪೌಂಡ್ ಮತ್ತು ತನ್ನ ಹಳೆಯ ಲೈಸೆನ್ಸನ್ನು ಅಂಚೆಯಲ್ಲಿ ಕಳಿಸಿ, ಯಾವ ಪರೀಕ್ಷೆಯೂ ಇಲ್ಲದೆ ಬ್ರಿಟನ್ನಿನ ಲೈಸೆನ್ಸ್ ಪಡೆದಳು. ಆಸ್ಟ್ರೇಲಿಯಾ, ಜಪಾನ್, ಸಿಂಗಾಪುರ, ದಕ್ಷಿಣ ಆಫ್ರಿಕಾ ಮೊದಲಾದ ಕೆಲವು ದೇಶಗಳನ್ನು ಬ್ರಿಟನ್ ಗೊತ್ತುಪಡಿಸಿದ ದೇಶಗಳೆಂದು ಪಟ್ಟಿ ಮಾಡಿದೆ, ಅಲ್ಲಿಯವರಿಗೆ ನೆಲೆಸಿದ ಐದು ವರ್ಷದೊಳಗೆ ಬದಲಿಸಿಕೊಳ್ಳುವ ಅವಕಾಶವಿದೆ. ಭಾರತ ಆ ಪಟ್ಟಿಯಲ್ಲಿ ಇಲ್ಲ. ಅದನ್ನು ತಿಳಿದ ದಿನ ನನಗೆ ನಿಜವಾಗಿ ನೋವಾಯಿತು. ಕಾಕಾ ನನಗೆ ಚಿದ್ರಿ ರಸ್ತೆಯಲ್ಲಿ ಬೆಳಗಿನ ಜಾವ ಗಾಡಿ ಕಲಿಸಿದ್ದರು. ರಾತ್ರಿ ಪಾಳಿ ಮುಗಿಸಿ ನಾನೊಬ್ಬಳೇ ಓಡಿಸಿಕೊಂಡು ಮನೆಗೆ ಬರುತ್ತಿದ್ದೆ, ಅಪ್ಪನನ್ನು ಹೃದಯದ ತಪಾಸಣೆಗೆ ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಹಲವು ಸಲ ಕರೆದುಕೊಂಡು ಹೋಗಿದ್ದೆ. ಅದೆಲ್ಲವೂ ಲೆಕ್ಕಕ್ಕೆ ಇಲ್ಲ, ನೀನು ಕಲಿಯುವವಳು ಎಂದರೆ ಯಾರಿಗಾದರೂ ನೋವಾಗುತ್ತದೆ. ಮುಂದೆ ಪರೀಕ್ಷೆ ಕೊಟ್ಟ ಮೇಲೆ ಆ ನೋವು ಹೋಯಿತು, ಅದು ಏಕೆ ಹೋಯಿತು ಎಂಬುದನ್ನು ಆಯಾ ಹಂತದಲ್ಲಿ ಹೇಳುತ್ತೇನೆ. ಇಷ್ಟು ಮಾತ್ರ ಸಮಾಧಾನ: ಬದಲಿಸಿಕೊಳ್ಳುವುದು ಇಲ್ಲವಾದ್ದರಿಂದ ನಮ್ಮ ಲೈಸೆನ್ಸನ್ನು ಒಪ್ಪಿಸಬೇಕಾಗಿಲ್ಲ, ಅದು ನಮ್ಮ ಬಳಿಯೇ ಉಳಿಯುತ್ತದೆ.

ಮೊದಲ ಹಂತ ಪ್ರೊವಿಷನಲ್ ಲೈಸೆನ್ಸ್, ನಮ್ಮಲ್ಲಿಯ ಎಲ್‌ಎಲ್‌ಆರ್ ಇದ್ದಂತೆ. ಆನ್‌ಲೈನ್‌ನಲ್ಲಿ 34 ಪೌಂಡ್, ಅಂಚೆ ಕಚೇರಿಯಲ್ಲಿ ಸಿಗುವ ಡಿ1 ನಮೂನೆ ತುಂಬಿ ಕಳಿಸಿದರೆ 43 ಪೌಂಡ್ ಇತ್ತು. ಅಲ್ಲಿ 185 ದಿನ ಇರಲು ಅನುಮತಿ ಇದ್ದರೆ ಸಾಕು, ಅಷ್ಟು ದಿನ ಕಳೆದಿರಬೇಕಾಗಿಲ್ಲ. ಅಂದರೆ ನಮ್ಮಂತಹ ಕೆಲಸದ ವೀಸಾದವರು ಇಳಿದ ಮೊದಲ ವಾರದಲ್ಲಿಯೇ ಅರ್ಜಿ ಹಾಕಬಹುದು. ಪ್ರೊವಿಷನಲ್ ತೆಗೆದುಕೊಂಡರೆ ಕಾರಿಗೆ ಎಲ್ ಫಲಕ ಹಚ್ಚಬೇಕು, ಪಕ್ಕದಲ್ಲಿ ಒಬ್ಬರು ಕೂರಬೇಕು, ಆದ್ದರಿಂದ ವರ್ಷ ಮುಗಿಯುವವರೆಗೆ ತೆಗೆದುಕೊಳ್ಳಬೇಡಿ ಎಂದು ನನಗೆ ಕೆಲವರು ಹೇಳಿದ್ದರು. ಇದು ಬಹಳ ಜನರನ್ನು ಹಾಳುಮಾಡಿದ ತಪ್ಪು ತಿಳಿವಳಿಕೆ. ಮೊದಲ ಹನ್ನೆರಡು ತಿಂಗಳಲ್ಲಿ ನಮ್ಮ ಭಾರತದ ಲೈಸೆನ್ಸ್ ಊರ್ಜಿತವಾಗಿರುವುದರಿಂದ ಆ ಷರತ್ತುಗಳು ನಮಗೆ ಅನ್ವಯಿಸುವುದಿಲ್ಲ. ಷರತ್ತುಗಳು ಬರುವುದು ವರ್ಷ ಮುಗಿದ ಮೇಲೆ.

ನಾನು ಅರ್ಜಿ ಹಾಕಿದ್ದು 2023ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ನರ್ಸಿಂಗ್ ನೋಂದಣಿಯ ಪ್ರಾಯೋಗಿಕ ಪರೀಕ್ಷೆಯ ಓದಿನಲ್ಲಿ ಮುಳುಗಿದ್ದೆ, ಜೊತೆಗೆ ಕೈಯಲ್ಲಿ ಬೂದು ಪುಸ್ತಿಕೆ ಇದೆಯೆಂಬ ಧೈರ್ಯವೂ ಇತ್ತು. ಅರ್ಜಿ ಕಳಿಸಿದ ಮೂರು ವಾರಕ್ಕೆ ಹಸಿರು ಬಣ್ಣದ ಕಾರ್ಡ್ ಮನೆಗೆ ಬಂತು. ಈ ಹಂತದ ಸೇವೆಗೆ ನನ್ನಿಂದ ಪೂರ್ಣ ಅಂಕ. ಯಾವ ಕಚೇರಿಗೂ ಹೋಗಲಿಲ್ಲ, ಯಾರನ್ನೂ ಹಿಡಿಯಬೇಕಾಗಲಿಲ್ಲ, ಮತ್ತು ಕಳಿಸಿದ ಮೂಲ ದಾಖಲೆಗಳು ಹಾಗೆಯೇ ಹಿಂದಿರುಗಿ ಬಂದವು.

ಎರಡನೆಯದು ಥಿಯರಿ ಪರೀಕ್ಷೆ, ಶುಲ್ಕ 23 ಪೌಂಡ್. ಕಂಪ್ಯೂಟರಿನ ಮುಂದೆ ಕೂತು 57 ನಿಮಿಷದಲ್ಲಿ 50 ಪ್ರಶ್ನೆಗಳಿಗೆ ಉತ್ತರಿಸಬೇಕು, 43 ಸರಿ ಬಂದರೆ ಪಾಸು. ಒಂದು ಕಾಲದಲ್ಲಿ ಹಿಂದಿ, ಉರ್ದು, ತಮಿಳು ಮೊದಲಾದ ಭಾಷೆಗಳ ಧ್ವನಿಯಲ್ಲಿ ಪ್ರಶ್ನೆ ಕೇಳಿಸಿಕೊಳ್ಳುವ ಸೌಲಭ್ಯ ಇತ್ತು, 2014ರ ಏಪ್ರಿಲ್‌ನಿಂದ ಅದನ್ನು ತೆಗೆದಿದ್ದಾರೆ, ಈಗ ಇಂಗ್ಲಿಷ್ ಮತ್ತು ವೆಲ್ಷ್ ಮಾತ್ರ. ನರ್ಸುಗಳಿಗೆ ಇಂಗ್ಲಿಷಿನ ತೊಂದರೆ ಇರುವುದಿಲ್ಲ, ಆದರೆ ಜೊತೆಗೆ ಬರುವ ಗಂಡ ಅಥವಾ ಹೆಂಡತಿ ಕನ್ನಡ ಮಾಧ್ಯಮದಲ್ಲಿ ಓದಿದವರಾಗಿದ್ದರೆ ಅವರಿಗೆ ಪ್ರಶ್ನೆಗಳ ವಾಕ್ಯಗಳು ಕಷ್ಟವಾಗುತ್ತವೆ. ನಮ್ಮ ಪರಿಚಯದ ಒಂದು ದಂಪತಿಯಲ್ಲಿ ಹೆಂಡತಿ ಪ್ರತಿ ರಾತ್ರಿ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ವಿವರಿಸಿ, ಮತ್ತೆ ಇಂಗ್ಲಿಷಿನಲ್ಲಿ ಓದಿಸಿ, ಮೂರು ತಿಂಗಳಲ್ಲಿ ಗಂಡನನ್ನು ಪಾಸು ಮಾಡಿಸಿದರು.

ಪ್ರಶ್ನೆಗಳು ಮುಗಿದ ಮೇಲೆ ಅದೇ ಕೂತಲ್ಲಿ ಅಪಾಯವನ್ನು ಗುರುತಿಸುವ ಭಾಗ ಬರುತ್ತದೆ. ಹದಿನಾಲ್ಕು ವಿಡಿಯೊ ತುಣುಕುಗಳು. ಪ್ರತಿಯೊಂದರಲ್ಲೂ ನಾವು ಕಾರು ಓಡಿಸುತ್ತಿರುವಂತೆ ರಸ್ತೆ ಕಾಣುತ್ತದೆ, ಅಪಾಯವೊಂದು ರೂಪುಗೊಳ್ಳಲು ಆರಂಭಿಸಿದ ಕ್ಷಣಕ್ಕೆ ಗುಂಡಿ ಒತ್ತಬೇಕು. ಬೇಗ ಒತ್ತಿದರೆ ಐದು ಅಂಕ, ತಡವಾದಂತೆ ನಾಲ್ಕು, ಮೂರು ಎಂದು ಇಳಿಯುತ್ತದೆ. ಸುಮ್ಮನೆ ಪಟಪಟನೆ ಒತ್ತುತ್ತ ಹೋದರೆ ಆ ತುಣುಕಿಗೆ ಸೊನ್ನೆ. ಒಂದು ತುಣುಕಿನಲ್ಲಿ ಮಾತ್ರ ಎರಡು ಅಪಾಯಗಳಿರುವುದರಿಂದ ಒಟ್ಟು 75 ಅಂಕ, ಅದರಲ್ಲಿ 44 ಬೇಕು. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಇದು. ನಿಂತ ಬಸ್ಸಿನ ಕೆಳಗೆ ಕಾಣುವ ಎರಡು ಕಾಲುಗಳು, ನಿಂತ ಕಾರಿನೊಳಗೆ ಹೊತ್ತಿದ ದೀಪ, ರಸ್ತೆಯತ್ತ ಉರುಳಿ ಬರುತ್ತಿರುವ ಚೆಂಡು, ಇವು ಇನ್ನೂ ಅಪಾಯವಲ್ಲ, ಆಗಲಿರುವ ಅಪಾಯದ ಸೂಚನೆ. ವಾರ್ಡಿನಲ್ಲಿ ರೋಗಿಯ ಉಸಿರಾಟದ ಎಣಿಕೆ 16ರಿಂದ 22ಕ್ಕೆ ಏರಿದಾಗ ಅವರು ಇನ್ನೂ ಮಾತನಾಡುತ್ತಲೇ ಇರುತ್ತಾರೆ, ಆದರೆ ನರ್ಸ್ ಆದವಳು ಆಗಲೇ ಡಾಕ್ಟರನ್ನು ಕರೆಯುತ್ತಾಳೆ, ಕುಸಿಯುವವರೆಗೆ ಕಾಯುವುದಿಲ್ಲ. ಕಾರು ಓಡಿಸುವುದೂ ಅದೇ ಜಾತಿಯ ನಿಗಾ ಎಂದು ಎಂಟು ವರ್ಷ ಓಡಿಸಿದ ಮೇಲೂ ನನಗೆ ಹೊಳೆದಿರಲಿಲ್ಲ. ನಾನು ಅಲ್ಲಿಯವರೆಗೆ ಕಲಿತಿದ್ದದ್ದು ಅಪಾಯ ಎದುರಿಗೆ ಬಂದಾಗ ಬ್ರೇಕ್ ಹಾಕುವುದನ್ನು. ನಮ್ಮ ಬೀದರ್, ಕಲಬುರಗಿ, ಯಾದಗಿರಿಯ ಪ್ರತಿ ಹೊಸ ಚಾಲಕರಿಗೂ, ವಿದೇಶಕ್ಕೆ ಹೋಗದವರಿಗೂ, ಹೀಗೊಂದು ಪರೀಕ್ಷೆ ಇರಬೇಕೆಂದು ನಾನು ಮನಸಾರೆ ಬಯಸುತ್ತೇನೆ. 44 ಬೇಕಾದಲ್ಲಿ ನನಗೆ 51 ಬಂತು. ಈ ಫಲಿತಾಂಶ ಎರಡು ವರ್ಷ ಊರ್ಜಿತ, ಅಷ್ಟರಲ್ಲಿ ಪ್ರಾಯೋಗಿಕ ಪರೀಕ್ಷೆ ಪಾಸಾಗದಿದ್ದರೆ ಥಿಯರಿಯನ್ನೂ ಮತ್ತೆ ಬರೆಯಬೇಕು.

ಮೂರನೆಯದು ರಸ್ತೆಯ ಮೇಲಿನ ಪರೀಕ್ಷೆ. ವಾರದ ದಿನಗಳಲ್ಲಿ 62 ಪೌಂಡ್, ಸಂಜೆ ಮತ್ತು ವಾರಾಂತ್ಯದಲ್ಲಿ 75 ಪೌಂಡ್. ಕೋವಿಡ್ ಕಾಲದಲ್ಲಿ ಪರೀಕ್ಷೆಗಳು ನಿಂತದ್ದರಿಂದ ಬೆಳೆದ ಸಾಲು ಆಗಿನ್ನೂ ಕರಗಿರಲಿಲ್ಲ, ಏಪ್ರಿಲ್‌ನಲ್ಲಿ ದಿನಾಂಕ ಹುಡುಕಿದ ನನಗೆ ಸಿಕ್ಕಿದ್ದು ಆಗಸ್ಟ್. ದಿನಾಂಕವನ್ನು ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಮಾತ್ರ ಪಡೆಯಿರಿ. ಅದೇ ರೀತಿ ಕಾಣುವ ಖಾಸಗಿ ತಾಣಗಳು ಹೆಚ್ಚುವರಿ ಹಣ ಪಡೆದು ಅದೇ ಅರ್ಜಿಯನ್ನು ತುಂಬುತ್ತವೆ, ಇದರಿಂದ ಮೋಸಹೋದ ಇಬ್ಬರು ನನ್ನ ವಾರ್ಡಿನಲ್ಲಿಯೇ ಇದ್ದರು.

ಕಲಿಸುವವರ ವಿಷಯಕ್ಕೆ ಬಂದರೆ, ಅಲ್ಲಿ ಹಣ ಪಡೆದು ಕಲಿಸುವವರು ನೋಂದಾಯಿತರಾಗಿರಬೇಕು. ಕಾರಿನ ಮುಂದಿನ ಗಾಜಿನ ಮೇಲೆ ಹಸಿರು ಬಣ್ಣದ ಎಂಟು ಮೂಲೆಯ ಬಿಲ್ಲೆ ಇದ್ದರೆ ಅವರು ಪೂರ್ಣ ಅರ್ಹತೆ ಪಡೆದವರು, ಗುಲಾಬಿ ಬಣ್ಣದ ತ್ರಿಕೋನ ಇದ್ದರೆ ಇನ್ನೂ ತರಬೇತಿಯಲ್ಲಿರುವವರು. ನನಗೆ ಸಿಕ್ಕವರು ಅರವತ್ತು ದಾಟಿದ ಒಬ್ಬ ಮಹಿಳೆ, ಗಂಟೆಗೆ 36 ಪೌಂಡ್. ಮೊದಲ ಪಾಠದಲ್ಲಿ ಅರ್ಧ ಗಂಟೆ ನನ್ನನ್ನು ಸುಮ್ಮನೆ ಓಡಿಸಲು ಬಿಟ್ಟು, ಪಕ್ಕಕ್ಕೆ ನಿಲ್ಲಿಸಿ, ಕಾರಿನ ಮೇಲೆ ನಿನ್ನ ಹಿಡಿತ ಚೆನ್ನಾಗಿದೆ, ಆದರೆ ಈ ಅರ್ಧ ಗಂಟೆಯಲ್ಲಿ ನೀನು ಎಡಗನ್ನಡಿಯನ್ನು ಒಂದು ಸಲವೂ ನೋಡಲಿಲ್ಲ ಎಂದರು.

ಅವರು ಹೇಳಿದ್ದು ನಿಜವಾಗಿತ್ತು. ಅದರ ಕಾರಣವನ್ನು ನಾನು ಬಹಳ ಯೋಚಿಸಿದ್ದೇನೆ. ಬೀದರಿನಲ್ಲಿ ನಾವು ಕನ್ನಡಿಯ ಕೆಲಸವನ್ನು ಹಾರ್ನಿಗೆ ಒಪ್ಪಿಸಿದ್ದೇವೆ. ಹಿಂದಿನವನು ಹಾರ್ನ್ ಹೊಡೆದರೆ ಅವನು ಇದ್ದಾನೆ, ಹೊಡೆಯದಿದ್ದರೆ ಇಲ್ಲ. "ಹಾರ್ನ್ ಹೊಡ್ದು ಮುಂದ ಹೋಗವ್ವಾ" ಎಂದೇ ಕಾಕಾ ಕಲಿಸಿದ್ದು, ಚಿದ್ರಿ ರಸ್ತೆಗೆ ಅದು ಸರಿಯಾದ ಪಾಠವೇ ಆಗಿತ್ತು. ಇಂಗ್ಲೆಂಡಿನಲ್ಲಿ ಹಾರ್ನ್ ಯಾರೂ ಹೊಡೆಯುವುದಿಲ್ಲವಾದ್ದರಿಂದ ಪಕ್ಕದಲ್ಲಿ ಸೈಕಲ್ ಬಂದಿರುವುದು ಕಿವಿಗೆ ತಿಳಿಯುವುದಿಲ್ಲ, ಕಣ್ಣಿಗೆ ಮಾತ್ರ ತಿಳಿಯಬೇಕು. ಮೊದಲು ಕನ್ನಡಿ, ಆಮೇಲೆ ಇಂಡಿಕೇಟರ್, ಆಮೇಲೆ ತಿರುವು. ಈ ಕ್ರಮವನ್ನು ಕೈಕಾಲುಗಳು ತಾವಾಗಿಯೇ ಮಾಡುವಂತಾಗಲು ನನಗೆ ಒಂಬತ್ತು ಗಂಟೆಗಳ ಪಾಠ ಬೇಕಾಯಿತು. ಹೊಸದಾಗಿ ಕಲಿಯುವವರಿಗೆ ಇದು ಬೇಗ ಬರುತ್ತದೆ, ರೂಢಿಯನ್ನು ಅಳಿಸಿ ಬರೆಯಬೇಕಾದ ನಮಗೆ ತಡ.

ಅಲ್ಲಿಯೂ ರಸ್ತೆಯ ಎಡಬದಿಯೇ, ಸ್ಟಿಯರಿಂಗ್ ಬಲಕ್ಕೇ ಇರುವುದರಿಂದ ಏನೂ ಬದಲಾವಣೆಯಿಲ್ಲ ಎಂದು ನಮ್ಮವರಿಗೆ ಅನ್ನಿಸುತ್ತದೆ. ರೌಂಡ್‌ಅಬೌಟ್ ಬಂದಾಗ ಆ ಅನ್ನಿಸಿಕೆ ಮುಗಿಯುತ್ತದೆ. ಓದುವವರು ಬೀದರಿನ ಹಳೆಯ ಊರಿನ ಚೌಬಾರಾವನ್ನು ನೆನೆಯಿರಿ. 71 ಅಡಿ ಎತ್ತರದ ಆ ದುಂಡು ಕಾವಲು ಗೋಪುರ ರಸ್ತೆಗಳು ಕೂಡುವ ನಟ್ಟನಡುವೆ ನಿಂತಿದೆ, ನಾವೆಲ್ಲ ಅದನ್ನು ಸುತ್ತಿಯೇ ದಾಟಿಕೊಂಡು ಹೋಗುವವರು. ಅಲ್ಲಿ ಯಾರ ಗಾಡಿಯ ಮೂತಿ ಮೊದಲು ಒಳಗೆ ಬಂತೋ ಅವರು ಮೊದಲು ಹೋಗುತ್ತಾರೆ, ಉಳಿದವರು ಕಣ್ಸನ್ನೆಯಲ್ಲಿ ಹೊಂದಿಸಿಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಬಲಗಡೆಯಿಂದ ಬರುತ್ತಿರುವವರಿಗೆ ದಾರಿ ಬಿಡಲೇಬೇಕು. ಬಲಗಡೆ ಖಾಲಿಯಿದ್ದರೆ ನಿಲ್ಲದೆ ಹೋಗಲೇಬೇಕು, ಸುಮ್ಮನೆ ನಿಂತರೂ ತಪ್ಪೇ. ಎಷ್ಟನೆಯ ದಾರಿಗೆ ಹೊರಬೀಳಬೇಕೋ ಅದಕ್ಕೆ ತಕ್ಕ ಲೇನನ್ನು ಮೊದಲೇ ಹಿಡಿದು, ಹಿಂದಿನ ದಾರಿಯನ್ನು ದಾಟಿದ ಕೂಡಲೇ ಎಡ ಇಂಡಿಕೇಟರ್ ಹಾಕಬೇಕು. ನಾನು ಮನೆಯಲ್ಲಿ ಕಾಗದದ ಮೇಲೆ ಚೌಬಾರಾವನ್ನು ಬರೆದುಕೊಂಡು, ಅದರ ಸುತ್ತ ಬೆರಳಿನಿಂದ ಅಭ್ಯಾಸ ಮಾಡಿದೆ. ಪರಿಚಯದ ಜಾಗದ ಚಿತ್ರದಲ್ಲಿ ಹೊಸ ನಿಯಮ ಬೇಗ ಕೂತಿತು.

ಪರೀಕ್ಷೆ ಸುಮಾರು 40 ನಿಮಿಷದ ಓಡಾಟ. ಮೊದಲು 20 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಿಸುತ್ತಾರೆ, ಅದು ಆಗದಿದ್ದರೆ ಅಲ್ಲಿಗೇ ಮುಗಿಯಿತು. ಸಣ್ಣ ತಪ್ಪುಗಳು ಹದಿನೈದರವರೆಗೆ ಇರಬಹುದು, ಗಂಭೀರ ಅಥವಾ ಅಪಾಯಕಾರಿ ತಪ್ಪು ಒಂದೇ ಒಂದಾದರೂ ಫೇಲು. ಆಗಸ್ಟಿನ ಪರೀಕ್ಷೆಯಲ್ಲಿ ನನ್ನ ಸಣ್ಣ ತಪ್ಪುಗಳು ಆರು. ಒಂದು ಎಡ ತಿರುವಿನಲ್ಲಿ ಕನ್ನಡಿ ನೋಡದೆ ತಿರುಗಿದೆ, ಹಿಂದೆ ಎಡಗಡೆಯಲ್ಲಿ ಸೈಕಲ್ ಸವಾರನೊಬ್ಬ ಇದ್ದ. ಅವನಿಗೆ ಏನೂ ಆಗಲಿಲ್ಲ, ಅವನು ಬ್ರೇಕ್ ಹಾಕಿ ನಿಂತುಕೊಂಡ. ಆದರೆ ಅದು ಗಂಭೀರ ತಪ್ಪು, ನಾನು ಫೇಲಾದೆ. ಪರೀಕ್ಷಕರು ಕಾರು ನಿಲ್ಲಿಸಿದ ಮೇಲೆ ಆ ಒಂದು ಕ್ಷಣವನ್ನು ಬಹಳ ಸೌಮ್ಯವಾಗಿ, ಯಾವ ಅಂಗಡಿಯ ಮುಂದೆ ಎಂಬುದನ್ನೂ ಸೇರಿಸಿ ವಿವರಿಸಿದರು. ಆ ವಿವರಣೆ ಕೇಳಿದ ಮೇಲೆ, ಆಸ್ಟ್ರೇಲಿಯಾದ ಗೆಳತಿಗೆ ಇಲ್ಲದ ಪರೀಕ್ಷೆ ನನಗೇಕೆ ಎಂಬ ನೋವು ನನ್ನಲ್ಲಿ ಉಳಿಯಲಿಲ್ಲ. ಪಟ್ಟಿ ನ್ಯಾಯವೋ ಅಲ್ಲವೋ, ಆ ಸೈಕಲ್ ಸವಾರನನ್ನು ನಾನು ನೋಡಿರಲಿಲ್ಲ.

ಮರುಪರೀಕ್ಷೆಗೆ ಕನಿಷ್ಠ ಹತ್ತು ಕೆಲಸದ ದಿನ ಬಿಡಬೇಕೆಂಬುದು ನಿಯಮ, ನನಗೆ ಸಿಕ್ಕ ದಿನಾಂಕ ನವೆಂಬರ್. ನಡುವೆ ಸೆಪ್ಟೆಂಬರಿನಲ್ಲಿ ನನ್ನ ಹನ್ನೆರಡು ತಿಂಗಳು ಮುಗಿದವು. ಅಲ್ಲಿಂದ ಎರಡು ತಿಂಗಳು ನಾನು ಕೊಂಡಿದ್ದ ಹಳೆಯ ಕಾರು ಮನೆಯ ಮುಂದೆ ನಿಂತಿತು. ಬೆಳಗಿನ ಪಾಳಿ ಏಳೂವರೆಗೆ, ಮೊದಲ ಬಸ್ಸು ಏಳು ಹತ್ತಕ್ಕೆ, ಅದೂ ಆಸ್ಪತ್ರೆಯಿಂದ ಒಂದು ಮೈಲಿ ಹಿಂದೆ ಬಿಡುತ್ತಿತ್ತು. ಮಳೆಯಲ್ಲಿ ನಡೆದು ಒದ್ದೆ ಕಾಲುಚೀಲದಲ್ಲಿ ಹನ್ನೆರಡು ಗಂಟೆ ನಿಂತ ದಿನಗಳಿವೆ. ಎಲ್ ಫಲಕ ಹಚ್ಚಿ, ಇಪ್ಪತ್ತೊಂದು ವರ್ಷ ತುಂಬಿದ, ಮೂರು ವರ್ಷದಿಂದ ಪೂರ್ಣ ಲೈಸೆನ್ಸ್ ಇರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಓಡಿಸಬಹುದಿತ್ತು. ಕೇರಳದ ಒಬ್ಬ ಹಿರಿಯ ನರ್ಸ್, ನಾನು ಚೇಚಿ ಎಂದೇ ಕರೆಯುವವರು, ತಮ್ಮ ರಜೆಯ ದಿನಗಳಲ್ಲಿ ಬಂದು ಕೂತರು. ಅವರ ಋಣ ನನ್ನ ಮೇಲಿದೆ. ಇಳಿದ ವಾರದಲ್ಲಿಯೇ ಅರ್ಜಿ ಹಾಕಿದ್ದರೆ ಈ ಎರಡು ತಿಂಗಳು ಇರುತ್ತಲೇ ಇರಲಿಲ್ಲ.

ನವೆಂಬರಿನಲ್ಲಿ ಮೂರು ಸಣ್ಣ ತಪ್ಪುಗಳೊಂದಿಗೆ ಪಾಸಾದೆ. ಖರ್ಚಿನ ಲೆಕ್ಕ ಹೀಗಿದೆ: ಪ್ರೊವಿಷನಲ್ 43, ಥಿಯರಿ 23, ಎರಡು ಸಲದ ರಸ್ತೆ ಪರೀಕ್ಷೆ 124, ಪರೀಕ್ಷೆಯ ದಿನಗಳ ಕಾರನ್ನೂ ಸೇರಿಸಿ ಹದಿನಾಲ್ಕು ಗಂಟೆಯ ಪಾಠಕ್ಕೆ 504, ಒಟ್ಟು 694 ಪೌಂಡ್. ಪಾಸಾದವರಿಗೆ ಲೈಸೆನ್ಸ್ ಕಾರ್ಡಿಗೆ ಬೇರೆ ಹಣವಿಲ್ಲ. ಭಾರತದ ಲೈಸೆನ್ಸಿನ ಮೇಲೆ ಕಟ್ಟುತ್ತಿದ್ದ ವಿಮೆಗೆ ಹೋಲಿಸಿದರೆ ಮರುವರ್ಷ ನನ್ನ ವಿಮೆ ಮೂರನೇ ಒಂದು ಭಾಗದಷ್ಟು ಇಳಿಯಿತು. ಆ ಉಳಿತಾಯವನ್ನು ಲೆಕ್ಕಕ್ಕೆ ಹಿಡಿದರೆ ಈ ಸೇವೆ ದುಬಾರಿಯಲ್ಲ ಎಂಬುದು ನನ್ನ ತೀರ್ಮಾನ. ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟರೆ ಸುಲಭವೆನ್ನುವವರಿಗೆ ಒಂದು ಮಾತು: ಆಗ ಸಿಗುವ ಲೈಸೆನ್ಸ್ ಆಟೊಮ್ಯಾಟಿಕ್ ಕಾರಿಗೆ ಮಾತ್ರ. ನಮ್ಮವರಿಗೆ ಕ್ಲಚ್ಚಿನ ರೂಢಿ ಇದ್ದೇ ಇರುತ್ತದೆ, ಗೇರ್ ಕಾರಿನಲ್ಲಿಯೇ ಕೊಡುವುದು ಒಳ್ಳೆಯದು.

ಪಾಸಾದ ಮೇಲೆ ಯಾರೂ ಹೇಳದ ಒಂದು ನಿಯಮವಿದೆ. ಬ್ರಿಟನ್ನಿನಲ್ಲಿ ಮೊದಲ ಪರೀಕ್ಷೆ ಪಾಸಾದ ಎರಡು ವರ್ಷದೊಳಗೆ, ಸಂಚಾರದ ತಪ್ಪುಗಳಿಗೆ ಲೈಸೆನ್ಸಿನ ಮೇಲೆ ಹಾಕುವ ದಂಡದ ಅಂಕಗಳು ಆರು ಸೇರಿದರೆ ಲೈಸೆನ್ಸ್ ರದ್ದಾಗಿ, ಪ್ರೊವಿಷನಲ್‌ನಿಂದ ಎಲ್ಲವನ್ನೂ ಮತ್ತೆ ಆರಂಭಿಸಬೇಕು. 1995ರ ಹೊಸ ಚಾಲಕರ ಕಾಯ್ದೆ ಇದು. ಊರಲ್ಲಿ ಇಪ್ಪತ್ತು ವರ್ಷ ಓಡಿಸಿದವರೂ ಆ ಕಾಯ್ದೆಯ ಕಣ್ಣಿಗೆ ಹೊಸಬರೇ. ಓಡಿಸುವಾಗ ಕೈಯಲ್ಲಿ ಮೊಬೈಲ್ ಹಿಡಿದು ಸಿಕ್ಕಿಬಿದ್ದರೆ 200 ಪೌಂಡ್ ದಂಡ ಮತ್ತು ಒಂದೇ ಸಲಕ್ಕೆ ಆರು ಅಂಕ. ಅಂದರೆ ಊರಿನಿಂದ ಅವ್ವ ಮಾಡಿದ ಒಂದು ಕರೆಯನ್ನು ಎತ್ತಿದರೆ ಈ ಮೇಲೆ ಬರೆದ ವರ್ಷದ ದುಡಿಮೆಯೆಲ್ಲ ಹೋಯಿತು. ನಾನು ನಮ್ಮ ಮನೆಯವರಿಗೆ ನನ್ನ ಪಾಳಿಯ ವೇಳಾಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿ ಹೋಗಿದ್ದೇನೆ.

ಬೇರೆ ದೇಶಗಳಿಗೆ ಹೋಗುವವರು ಈ ಬರಹದ ಲೆಕ್ಕಗಳನ್ನು ಹಾಗೆಯೇ ತೆಗೆದುಕೊಳ್ಳಬಾರದು. ಜರ್ಮನಿಯಲ್ಲಿ ಅವಕಾಶ ಆರೇ ತಿಂಗಳು, ಅಲ್ಲಿಯೂ ಭಾರತೀಯರಿಗೆ ಥಿಯರಿ ಮತ್ತು ರಸ್ತೆ ಪರೀಕ್ಷೆ ಎರಡೂ ಇವೆ, ಪ್ರಥಮ ಚಿಕಿತ್ಸೆಯ ತರಗತಿ ಮತ್ತು ಕಣ್ಣಿನ ಪರೀಕ್ಷೆಯ ಪ್ರಮಾಣಪತ್ರವೂ ಬೇಕು. ನಮ್ಮ ಜಿಲ್ಲೆಯಿಂದ ಬಹಳ ಜನ ಹೋಗುವ ಯುಎಇಯಲ್ಲಿ ವಾಸದ ವೀಸಾ ಆದ ಮೇಲೆ ಅಲ್ಲಿನದೇ ಲೈಸೆನ್ಸ್ ಬೇಕು.

ನನ್ನ ಕಾಕಾನ ಮಗಳು ಬರುವ ತಿಂಗಳು ಹೈದರಾಬಾದಿನಿಂದ ವಿಮಾನ ಹತ್ತುತ್ತಾಳೆ. ಅವಳು ಬೂದು ಪುಸ್ತಿಕೆ ಮಾಡಿಸಿಲ್ಲ. ಆ ಹಣದಲ್ಲಿ ಲೈಸೆನ್ಸಿನ ಹೆಸರು ಪಾಸ್‌ಪೋರ್ಟಿನಂತೆ ತಿದ್ದಿಸಿಕೊಂಡಿದ್ದಾಳೆ, ಇಳಿದ ವಾರದಲ್ಲಿಯೇ ಪ್ರೊವಿಷನಲ್‌ಗೆ ಅರ್ಜಿ ಹಾಕಬೇಕೆಂದು ಫೈಲಿನ ಮೊದಲ ಹಾಳೆಯಲ್ಲಿ ಬರೆದುಕೊಂಡಿದ್ದಾಳೆ. ನಿನ್ನೆ ಬೆಳಿಗ್ಗೆ ಅಂಗಡಿಗಳು ತೆರೆಯುವ ಮುನ್ನ ನಾವಿಬ್ಬರೂ ಚೌಬಾರಾದ ಸುತ್ತ ಹತ್ತು ಸಲ ಕಾರು ಓಡಿಸಿದೆವು. ಹಿಂದಿನ ಸೀಟಿನಲ್ಲಿ ಕಾಕಾ ಕೂತಿದ್ದರು. ಪ್ರತಿ ತಿರುವಿಗೂ ಮೊದಲು ಅವಳು "ಕನ್ನಡಿ" ಎಂದು ಬಾಯಿಬಿಟ್ಟು ಹೇಳಬೇಕೆಂದು ನಾನು ಹೇಳಿದ್ದೆ. ಏಳನೆಯ ಸುತ್ತಿನಲ್ಲಿ ಅವಳು ಮರೆತಾಗ ಹಿಂದಿನಿಂದ ಕಾಕಾ ಹೇಳಿದರು.